ಇದಿನಬ್ಬನ ಕಾಲಿಗೆ ಬಂದ ಬಚ್ಚೆಲ್

ಬಸ್ಸಿನಿಂದ ಇಳಿದು ಆಸ್ಪತ್ರೆಗೆ ದಾರಿ ಕೇಳಿದೆ. ಕೇಳಿದ್ದು ಕನ್ನಡದಲ್ಲೇ. ಅಂಗಡಿಯ ಜಗಲಿಯಲ್ಲಿ ನಿಂತಿದ್ದ ನಾಲ್ಕು ಜನ ನನ್ನನ್ನೂ ನನ್ನ ಹೆಂಡತಿಯನ್ನೂ ನಮ್ಮ ಕಬ್ಬಿಣದ ಪೆಟ್ಟಿಗೆಯನ್ನೂ ನೋಡಿ ತಮ್ಮೊಳಗೇ ಮಾತಾಡಿಕೊಂಡರು. ಒಬ್ಬ ಹೇಳಿದ್ದು ಇನ್ನೊಬ್ಬನಿಗೆ ತಿಳಿಯುತ್ತಿತ್ತು, ಆದರೆ ಉತ್ತರ ಬೇರೆ ಭಾಷೆಯಲ್ಲಿ ಬರುತ್ತಿತ್ತು. ಅದು ತುಳು, ಇದು ಬ್ಯಾರಿ, ಮೂಲೆಯವನದು ಮಲಯಾಳ ಎಂದು ಗುರುತಿಸಲು ನನಗೆ ಮುಂದೆ ಒಂದು ವರ್ಷವೇ ಬೇಕಾಯಿತು. ಆ ಹೊತ್ತಿಗೆ ಎಲ್ಲ ಒಂದೇ ಗದ್ದಲ. ರೋಣದಿಂದ ಪುತ್ತೂರಿಗೆ ಬರುವ ದಾರಿಯಲ್ಲಿ ನಾನು ಕನ್ನಡ ನಾಡು ಬಿಟ್ಟು ಒಂದು ಹೆಜ್ಜೆಯೂ ಹೊರಗಿಟ್ಟಿರಲಿಲ್ಲ. ಆದರೂ ಕಡಲಾಚೆ ಇಳಿದವನಂತೆ ನಿಂತಿದ್ದೆ.

ಕೊನೆಗೆ ಅವರಲ್ಲೊಬ್ಬ ನನ್ನ ಕಡೆ ತಿರುಗಿ, ಶಾಲೆಯ ಪುಸ್ತಕ ಓದುವಷ್ಟು ಸ್ಪಷ್ಟವಾಗಿ, "ನಿಮಗೆ ಎಂತ ಆಗಬೇಕಿತ್ತು?" ಎಂದ.

"ಆಸ್ಪತ್ರಿ ಎಲ್ಲೈತ್ರಿ?"

"ಐತ್ರಿ" ಎಂಬುದನ್ನು ಅವನು ಬಾಯಲ್ಲಿ ಒಮ್ಮೆ ಹೊರಳಿಸಿ ನೋಡಿದ. "ಆಸ್ಪತ್ರೆ ಅಲ್ಲಿ ಉಂಟು. ಸ್ವಲ್ಪ ನಿಲ್ಲಿ, ಮಳೆ ಬಂತು."

ಮಳೆ ಬಂತು ಎಂದರೆ ನಿಮಗೆ ಏನು ತೋರುತ್ತದೋ ನನಗೆ ಗೊತ್ತು. ನಮ್ಮಲ್ಲಿ ಮಳೆ ಬಂದರೆ ಎಲ್ಲರೂ ಹೊರಗೆ ಬಂದು ಮೋಡ ನೋಡುತ್ತೇವೆ, ಮಣ್ಣಿನ ವಾಸನೆ ಎಳೆದುಕೊಳ್ಳುತ್ತೇವೆ. ಇಲ್ಲಿ ಎದುರಿನ ರಸ್ತೆಯೇ ಕಾಣದಂತೆ ನೀರು ಸುರಿಯಿತು. ಒಬ್ಬನೂ ತಲೆ ಎತ್ತಿ ನೋಡಲಿಲ್ಲ. ಶಾಂತವ್ವ ಮಾತ್ರ, ನನ್ನ ಹೆಂಡತಿ, ಎರಡೂ ಕೈಯನ್ನು ಸೂರಿನ ಕೆಳಗೆ ಚಾಚಿ ನಿಂತೇ ಇದ್ದಳು. "ಇಷ್ಟು ನೀರು ಎಲ್ಲಿ ಇಟ್ಟಿರ್ತಾನ್ರಿ ದೇವರು?" ಎಂದಳು.

ನಾನು ಯಾಕೆ ಅಲ್ಲಿಗೆ ಹೋದೆ ಎಂಬುದನ್ನು ಹೇಳಬೇಕು. ಕಾಲು ಕಳೆದುಕೊಂಡವರಿಗೆ ಕಾಲು ಮಾಡಿಕೊಡುವುದು ನನ್ನ ಕಸುಬು. ಬಡಿಗನ ಮಗ, ಪುಣೆಯ ಒಂದು ಕಾರ್ಖಾನೆಯಲ್ಲಿ ಕೆಲಸ ಕಲಿತೆ. ಮೊದಲೆಲ್ಲ ಮರ, ಚರ್ಮ, ಕಬ್ಬಿಣದ ಪಟ್ಟಿ. ನಾನು ಕಲಿಯುವ ಕಾಲಕ್ಕೆ, ಅಂದರೆ ಅರವತ್ತರ ದಶಕ ಶುರುವಾಗುವಾಗ, ಹೊಸ ವಿಧಾನ ಬಂದಿತ್ತು. ಉಳಿದ ಕಾಲಿನ ಪ್ಲಾಸ್ಟರ್ ಅಚ್ಚು ತೆಗೆದು, ಅದರ ಮೇಲೆ ಗಾಜಿನ ನೂಲಿನಿಂದ ನೇಯ್ದ ಬಟ್ಟೆಯನ್ನು ಪದರಪದರವಾಗಿ ಸುತ್ತಿ, ಜೇನಿನಂಥ ಒಂದು ರಾಳವನ್ನು ಕುಡಿಸುವುದು. ಗಟ್ಟಿಯಾಗಿಸುವ ಔಷಧ ಬೆರೆಸಿದ ರಾಳ ಕೈಯೊಳಗೇ ಬಿಸಿಯಾಗಿ ಕಲ್ಲಾಗುತ್ತದೆ. ನೂಲು ಎಳೆತ ತಡೆಯುತ್ತದೆ, ರಾಳ ನೂಲುಗಳನ್ನು ಒಟ್ಟಿಗೆ ಹಿಡಿದಿಡುತ್ತದೆ. ಹೀಗೆ ಹುಟ್ಟಿದ ಕಾಲು ಮರಕ್ಕಿಂತ ಹಗುರ, ನೋಡಲು ದಂತದ ಹಾಗೆ. ಪುತ್ತೂರಿನ ಒಂದು ಆಸ್ಪತ್ರೆಯವರು ಇಂಥ ಕೆಲಸ ಬಲ್ಲವನೊಬ್ಬ ಬೇಕೆಂದು ಬರೆದಿದ್ದರು. ಮಾರನೆಯ ತಿಂಗಳು ನಾವು ಹೊರಟೆವು.

ಮನೆ ಸಿಕ್ಕಿದ್ದು ದರ್ಬೆಯಲ್ಲಿ, ದೇವಕಿಯಮ್ಮ ಎಂಬ ವಿಧವೆಯ ಮನೆಯ ಅರ್ಧಭಾಗ. ನಮ್ಮ ಕಡೆ ಮಣ್ಣಿನ ಮಾಳಿಗೆ. ಬೇಸಗೆಯಲ್ಲಿ ಮೇಲೆ ಹತ್ತಿ ಮಲಗಿ ಚುಕ್ಕೆ ನೋಡುತ್ತಿದ್ದವರು ನಾವು. ಇಲ್ಲಿ ಹಂಚಿನ ಇಳಿಜಾರು ಮಾಡು. ಶಾಂತವ್ವ ಮೊದಲ ದಿನವೇ ಮೇಲೆ ಹತ್ತುವ ನಿಚ್ಚಣಿಕೆ ಹುಡುಕಿ ಸೋತಳು. ದೇವಕಿಯಮ್ಮ ಸುಳ್ಯದ ಕಡೆಯ ಬೇಸಾಯಗಾರರ ಮಗಳು, ಮನೆಯಲ್ಲಿ ಅರೆಭಾಷೆ ಆಡುವವರು. ಅರೆ ಎಂದರೆ ಅರ್ಧ ಅಲ್ಲವೇ, ಉಳಿದರ್ಧ ಎಲ್ಲಿ ಹೋಯಿತು ಎಂದು ನಾನು ತಮಾಷೆಗೆ ಕೇಳಿದೆ.

"ಉಳಿದರ್ಧ ನೀವು ಹೊತ್ತುಕೊಂಡು ಬಂದಿದ್ದೀರಲ್ಲ ಮಾರಾಯ್ರೆ" ಎಂದರು ಅವರು.

ಜೋಳ ಸಿಗಲಿಲ್ಲ. ಕೆಂಪು ಕುಚ್ಚಲಕ್ಕಿಯ ದಪ್ಪ ಅನ್ನವನ್ನು ಶಾಂತವ್ವ ಬೆಂದಿಲ್ಲವೆಂದು ಮತ್ತೆಮತ್ತೆ ಕುದಿಸಿದಳು. ಒಗೆದ ಸೀರೆ ಮೂರು ದಿನಕ್ಕೂ ಒಣಗಲಿಲ್ಲ. ನನ್ನ ಚರ್ಮದ ಪಟ್ಟಿಗಳ ಮೇಲೆ ಹದಿನೈದು ದಿನಕ್ಕೆ ಹಸಿರು ಬೂಷ್ಟು ಬೆಳೆಯಿತು. ದಿನಾ ಮಧ್ಯಾಹ್ನ ಬೇಲಿಯಾಚೆಯ ಹೆಂಗಸು "ಒಣಸ್ ಆಂಡಾ?" ಎಂದು ಕೂಗುವಳು, ಊಟ ಆಯಿತೇ ಎಂದು. ಶಾಂತವ್ವ ಅದನ್ನು ಬೈಗುಳವೆಂದು ತಿಳಿದು ಒಂದು ವಾರ ಬಾಗಿಲು ಹಾಕಿಕೊಂಡಳು. ಅರ್ಥ ತಿಳಿದ ದಿನ ಅವಳು ಬೇಲಿಯ ಬಳಿ ಹೋಗಿ ನಿಂತು, ಆ ಹೆಂಗಸು ಹೊರಬರುವವರೆಗೆ ಕಾದು, ತಾನೇ ಮೊದಲು ಕೂಗಿದಳು. ಒಳಗೆ ಬಂದಾಗ ಅವಳ ಮುಖ ನೋಡಬೇಕಿತ್ತು.

ಇದಿನಬ್ಬ ನನ್ನಲ್ಲಿಗೆ ಬಂದದ್ದು ಆ ಮಳೆಗಾಲದ ಕೊನೆಗೆ. ವಯಸ್ಸು ನಲವತ್ತರ ಹತ್ತಿರ, ಬ್ಯಾರಿ ಮನೆತನದವನು, ಮೀನು ಮಾರುವ ಕೆಲಸ. ಬೆಳಿಗ್ಗೆ ಪುತ್ತೂರಿಗೆ ಬರುವ ಲಾರಿಯಿಂದ ಬಂಗುಡೆಯನ್ನೋ ಬೂತಾಯಿಯನ್ನೋ ಎತ್ತಿಕೊಂಡು, ಬಸ್ಸಿನಲ್ಲಿ ಉಪ್ಪಿನಂಗಡಿಗೆ ಹೋಗಿ, ಅಲ್ಲಿಂದ ಹೆಗಲ ಮೇಲೆ ಅಡ್ಡಕೋಲು, ಅದರ ಎರಡು ತುದಿಗೆ ಬುಟ್ಟಿ. ರಾಮಕುಂಜದ ಆಚೆ, ಕಡಬದ ದಾರಿಯವರೆಗೆ, ರಸ್ತೆ ಇಲ್ಲದ ಗುಡ್ಡದ ಮನೆಗಳಿಗೆಲ್ಲ ಮೀನು ಮುಟ್ಟುತ್ತಿದ್ದದ್ದು ಅವನ ಕಾಲಿನಿಂದ. ಹಿಂದಿನ ವರ್ಷ ಹುಲ್ಲಿನಲ್ಲಿ ಕೊಳಕುಮಂಡಲ ಹಾವು ಕಚ್ಚಿತ್ತು. ಜೀವ ಉಳಿಯಿತು, ಪಾದ ಕೊಳೆಯಿತು. ಬಲಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದ್ದರು.

"ನಡಿಲಿಕ್ಕೆ ಆಗ್ತದಾ ಮಾಸ್ಟ್ರೆ?" ಎಂದು ಕೇಳಿದ. ಕಾಲು ಮಾಡುವವನನ್ನು ಏನೆಂದು ಕರೆಯುವುದೆಂದು ತಿಳಿಯದೆ ಊರವರು ನನ್ನನ್ನು ಮಾಸ್ಟ್ರು ಮಾಡಿದ್ದರು.

"ನಡೀತೀರಿ" ಎಂದೆ.

"ಬುಟ್ಟಿ ಹೊತ್ತುಕೊಂಡು?"

ಪುಣೆಯಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಹೆಮ್ಮೆಯ ವಯಸ್ಸು ನನ್ನದು. "ಹೊತ್ತುಕೊಂಡೇ" ಎಂದೆ.

ನನ್ನಲ್ಲಿ ಎರಡು ಡಬ್ಬಿ ರಾಳ ಇದ್ದವು. ಒಂದು ಗಡಸು; ಆರಿದ ಮೇಲೆ ಉಗುರಿನಿಂದ ತಟ್ಟಿದರೆ ಪಿಂಗಾಣಿಯ ಹಾಗೆ ಸದ್ದು. ಇನ್ನೊಂದು ಮೆದು, ಆರಿದರೂ ಬಗ್ಗುತ್ತದೆ, ಕಾಲಿಗೆ ತಾಗುವ ಅಂಚುಗಳಿಗೆ ಮಾತ್ರ ಬಳಸುವುದು. ಇದಿನಬ್ಬ ಭಾರ ಹೊರುವವನು, ಆದ್ದರಿಂದ ಇಡೀ ಕಾಲನ್ನು ಗಡಸು ರಾಳದಲ್ಲೇ ಮಾಡಿದೆ. ಬಟ್ಟೆಯ ಪದರವನ್ನೂ ಹೆಚ್ಚಿಸಿದೆ. ಮೇಜಿನ ಮೇಲೆ ಅದನ್ನು ಅಡ್ಡಲಾಗಿ ಇಟ್ಟು ನಾನೇ ಹತ್ತಿ ನಿಂತೆ, ಜಪ್ಪಯ್ಯ ಎನ್ನಲಿಲ್ಲ. ಇದಿನಬ್ಬ ಅದನ್ನು ತೊಟ್ಟು ಆಸ್ಪತ್ರೆಯ ಅಂಗಳದಲ್ಲಿ ನಾಲ್ಕು ಸುತ್ತು ಹಾಕಿ ನನ್ನ ಎರಡೂ ಕೈ ಹಿಡಿದುಕೊಂಡ.

ಎರಡೂವರೆ ತಿಂಗಳಿಗೆ ಕಾಲನ್ನು ಚೀಲದಲ್ಲಿ ಹಾಕಿಕೊಂಡು ಊರುಗೋಲಿನ ಮೇಲೆ ನಮ್ಮ ಮನೆಗೇ ಬಂದ. ಪಾದದ ಗಂಟಿನ ಮೇಲೆ, ಹಿಂಬದಿಯಲ್ಲಿ, ಬಾಯಿ ತೆರೆದ ಹಾಗೆ ಸೀಳು. ಚೀಲ ಬಿಚ್ಚಿದ ಕೂಡಲೇ ಮೀನಿನ ವಾಸನೆ ಮನೆಯೆಲ್ಲ ತುಂಬಿತು. ಮೀನು ಕಂಡರಿಯದ ಮನೆ ನಮ್ಮದು. ಶಾಂತವ್ವ ಸೆರಗನ್ನು ಮೂಗಿಗೆ ಹಿಡಿದು ಹಿತ್ತಲಿಗೆ ಹೋದಳು.

"ಎಲ್ಲಿ ಬಿದ್ದಿರಿ?" ಎಂದೆ.

"ಬೀಳ್ಲಿಲ್ಲ."

"ಕಲ್ಲಿಗೆ ಬಡಿದಿರಬೇಕು."

"ಇಲ್ಲ ಮಾಸ್ಟ್ರೆ. ನಡೆದದ್ದು, ಅಷ್ಟೇ. ನಿನ್ನೆ ಒಂದು ಮನೆಯ ಅಂಗಳದಲ್ಲಿ, ಸಮತಟ್ಟು ನೆಲದಲ್ಲಿ, ಟಪ್ ಅಂತ ಹೇಳಿತು."

ನಾನು ನಂಬಲಿಲ್ಲ. ನಾನು ಹತ್ತಿ ನಿಂತ ಕಾಲು ಬರೀ ನಡೆದರೆ ಮುರಿಯುವುದೆಂದರೇನು? ಎಲ್ಲೋ ಬಿದ್ದು ಮುಚ್ಚಿಡುತ್ತಿದ್ದಾನೆ ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಮುಖದ ಮೇಲೂ ಅದು ಕಂಡಿರಬೇಕು. ಇದಿನಬ್ಬ ಸಿಟ್ಟಾಗಲಿಲ್ಲ. "ಒಂದು ದಿನ ನನ್ನೊಟ್ಟಿಗೆ ಬನ್ನಿ" ಎಂದ. ಸೀಳಿಗೆ ತೇಪೆ ಹಾಕಿಕೊಟ್ಟೆ. ನಡುವೆ ಒಂದು ದಿನ ಬಿಟ್ಟು ಅವನ ಹಿಂದೆ ಹೊರಟೆ.

ಆ ದಿನವನ್ನು ನಿಮಗೆ ಹೇಗೆ ಹೇಳಲಿ? ರೋಣದಲ್ಲಿ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವುದೆಂದರೆ ಎದುರಿಗೆ ಕಾಣುವ ಗುಡಿಯ ಶಿಖರದ ಕಡೆ ನೆಟ್ಟಗೆ ನಡೆಯುವುದು. ಇಲ್ಲಿ ಎದುರಿಗೆ ಏನೂ ಕಾಣುವುದಿಲ್ಲ. ಬರೀ ಹಸಿರು, ಆ ಹಸಿರಿನೊಳಗೆ ಒಂದು ಮನೆಯ ಹೊಗೆ. ಕೆಂಪು ಮುರಕಲ್ಲಿನಲ್ಲಿ ಕಡಿದ ಮೆಟ್ಟಿಲು ಇಳಿದರೆ ತೋಡು, ಅಂದರೆ ಸಣ್ಣ ಹಳ್ಳ. ತೋಡಿನ ಮೇಲೆ ಒಂದೇ ಮರದ ದಿಮ್ಮಿ, ಅದಕ್ಕೆ ಸಂಕ ಎನ್ನುತ್ತಾರೆ, ನಾವು ಸೇತುವೆ ಎನ್ನಲು ಹೆದರುವಂಥದ್ದು. ಅದನ್ನು ದಾಟಿದರೆ ಮತ್ತೆ ಏರು. ಎರಡೂ ಕಾಲು ಇದ್ದ ನಾನು ದಿಮ್ಮಿಯ ಮೇಲೆ ಕೂತು ಜಾರಿಕೊಂಡು ದಾಟಿದೆ. ಇದಿನಬ್ಬ ಎರಡು ಬುಟ್ಟಿ ಹೊತ್ತು, ಕೋಲು ತೂಗದಂತೆ ಸಣ್ಣಸಣ್ಣ ಹೆಜ್ಜೆ ಇಟ್ಟು, ನಡೆದೇ ದಾಟಿದ. ಹೊಳೆಯ ದಿಕ್ಕಿನಿಂದ ಗಾಳಿ ಬಂದಾಗ ನಿಂತು, ಹೊಗೆಯ ವಾಸನೆಯಿಂದಲೇ ಯಾವ ಮನೆಯಲ್ಲಿ ಇಂದು ಒಲೆ ಹೊತ್ತಿಲ್ಲ ಎಂದು ಹೇಳುತ್ತಿದ್ದ. ಅವನ ಕೂಗು ಕೇಳಿದರೆ ಗುಡ್ಡದ ಮೇಲಿನ ಮನೆಗಳಿಂದ ಪಾತ್ರೆ ಹಿಡಿದು ಹೆಂಗಸರು ಇಳಿದು ಬರುತ್ತಿದ್ದರು. ಒಂದು ವರ್ಷ ಅವನಿಲ್ಲದೆ ಆ ಮನೆಗಳಿಗೆ ಹಸಿ ಮೀನು ಬಂದಿರಲಿಲ್ಲವಂತೆ.

ನಾನು ಅವನ ಹೆಜ್ಜೆ ಎಣಿಸಲು ತೊಡಗಿದ್ದೆ. ಮೊದಲ ಗುಡ್ಡ ಮುಗಿಯುವ ಮೊದಲೇ ಲೆಕ್ಕ ತಪ್ಪಿತು. ಮತ್ತೆ ಶುರುಮಾಡಿದೆ, ಮತ್ತೆ ತಪ್ಪಿತು. ಆಮೇಲೆ ಎಣಿಸುವುದು ಬಿಟ್ಟು ಕಾಲನ್ನೇ ನೋಡತೊಡಗಿದೆ. ಪ್ರತಿ ಹೆಜ್ಜೆಗೂ ಅದು ಒಂದಿಷ್ಟು ಬಾಗಿ ನೆಟ್ಟಗಾಗುತ್ತಿತ್ತು. ಏರುವಾಗ ಮುಂದಕ್ಕೆ, ಇಳಿಯುವಾಗ ಹಿಂದಕ್ಕೆ, ಸಂಕದ ಮೇಲೆ ಪಕ್ಕಕ್ಕೆ. ಕೂದಲೆಳೆಯಷ್ಟು ಬಾಗುವುದು, ಅಷ್ಟೇ. ಆದರೆ ಬೆಳಗಿನಿಂದ ಸಂಜೆಯವರೆಗೆ, ದಿನದಿನವೂ. ಮೇಜಿನ ಮೇಲೆ ನಾನು ಹತ್ತಿ ನಿಂತದ್ದು ಒಂದೇ ಒಂದು ಸಲ.

ಒಂದು ಮನೆಯಲ್ಲಿ ನಮ್ಮನ್ನು ಕೂರಿಸಿ ಬೆಲ್ಲ, ನೀರು ಕೊಟ್ಟರು. ಮನೆಯ ಮುದುಕಿ ನನ್ನ ಮುಖ ನೋಡಿ "ಬಚ್ಚಿಂಡಾ?" ಎಂದಳು. ದಣಿವಾಯಿತೇ ಎಂದು ಅರ್ಥ. ದಣಿವಿಗೆ ತುಳುವಿನಲ್ಲಿ ಬಚ್ಚೆಲ್ ಎನ್ನುತ್ತಾರೆ ಎಂದು ಇದಿನಬ್ಬ ಬಿಡಿಸಿ ಹೇಳಿದ. ತನ್ನ ಕಾಲನ್ನು ಕಳಚಿ ಜಗಲಿಗೆ ಒರಗಿಸಿಟ್ಟು, ಬೆವರು ಒರೆಸಿಕೊಳ್ಳುತ್ತ, ಅದನ್ನೇ ಸ್ವಲ್ಪ ಹೊತ್ತು ನೋಡಿದ.

"ನಮಗೆ ಬಚ್ಚೆಲ್ ಆದ್ರೆ ಕೂತರೆ ಹೋಗ್ತದೆ. ಅದಕ್ಕೆ ಆದ್ರೆ ಕೂತರೂ ಹೋಗುದಿಲ್ಲ, ಅಲ್ವಾ ಮಾಸ್ಟ್ರೆ? ಅದು ಒಳಗೇ ಇರ್ತದೆ."

ಬೆಲ್ಲದ ಚೂರು ನನ್ನ ಬಾಯಲ್ಲೇ ಉಳಿಯಿತು. ಪುಣೆಯಲ್ಲಿ ದಪ್ಪ ಪುಸ್ತಕ ನೋಡಿ ನಮಗೆ ಕಲಿಸಿದವರೂ ಇದನ್ನೇ ಹೇಳಿದ್ದಿರಬೇಕು. ಆದರೆ ನನಗೆ ತಿಳಿದದ್ದು ರಾಮಕುಂಜದ ಆಚೆಯ ಆ ಜಗಲಿಯಲ್ಲಿ, ಓದು ಬಾರದ ಒಬ್ಬ ಮೀನು ಮಾರುವವನ ಬಾಯಿಂದ.

ಇಷ್ಟು ತಿಳಿದ ಮೇಲೂ ನಾನು ದುಡುಕಿದೆ. ಗಡಸು ರಾಳಕ್ಕೆ ಬಾಗುವ ಗುಣವಿಲ್ಲ, ಅದಕ್ಕೇ ಸೀಳಿತು. ಹಾಗಾದರೆ ಮೆದು ರಾಳದಲ್ಲೇ ಮಾಡಿದರಾಯಿತು ಎಂದು ಲೆಕ್ಕ ಹಾಕಿದೆ. ಎರಡನೆಯ ಕಾಲಿಗೆ ಮುಕ್ಕಾಲು ಪಾಲು ಮೆದು ರಾಳ ಸುರಿದೆ. ಅದು ಸೀಳಲಿಲ್ಲ, ನಿಜ. ತಿಂಗಳಾಯಿತು, ಎರಡು ತಿಂಗಳಾಯಿತು, ಇದಿನಬ್ಬ ಬರಲಿಲ್ಲ. ಚೆನ್ನಾಗಿದ್ದಾನೆ ಎಂದುಕೊಂಡು ನಾನು ಖುಷಿಯಲ್ಲಿದ್ದೆ.

ಬಂದದ್ದು ಅವನ ಹೆಂಡತಿ ಬೀಫಾತಿಮ. ಆಸ್ಪತ್ರೆಯ ಬಾಗಿಲಲ್ಲಿ ನಿಂತು, ನನ್ನ ಮುಖ ನೋಡದೆ, "ನೀವು ಕೊಟ್ಟ ಕಾಲು ಅವರ ಕಾಲನ್ನು ತಿಂದಿತು" ಎಂದಳು.

ಗಾಡಿ ಮಾಡಿಕೊಂಡು ಹೋಗಿ ಕರೆತಂದೆವು. ಭಾರ ಬಿದ್ದಾಗ ಮೆದು ಕಾಲು ಒಳಗೊಳಗೇ ಕುಸಿದಿತ್ತು. ಮೋಟುಗಾಲು ಕೂರುವ ಬಟ್ಟಲು ತನ್ನ ಆಕಾರ ಬಿಟ್ಟು ಒಂದು ಕಡೆ ಒತ್ತಿ, ಎಲುಬಿನ ತುದಿಯಲ್ಲಿ ಗಾಯವಾಗಿ ಕೀವು ತುಂಬಿತ್ತು. ಮೂರು ವಾರದಿಂದ ಅವನು ಬಟ್ಟೆ ಸುತ್ತಿಕೊಂಡು ಅದರ ಮೇಲೇ ನಡೆದಿದ್ದ.

"ಯಾಕೆ ಬರಲಿಲ್ಲ?" ಎಂದು ಕೇಳಿದೆ.

"ಬಂದ್ರೆ ನೀವು ಕಾಲು ತೆಗೆದಿಡ್ತಿದ್ರಿ" ಎಂದ ಇದಿನಬ್ಬ. "ಮತ್ತೆ ಮನೆಯಲ್ಲಿ ಕೂತುಕೊಳ್ಳುದು ನನ್ನಿಂದ ಆಗುದಿಲ್ಲ ಮಾಸ್ಟ್ರೆ."

ಆಸ್ಪತ್ರೆಯ ಡಾಕ್ಟರಮ್ಮ ಗಾಯ ತೊಳೆದು ಬಂದು ನನ್ನನ್ನು ಪಕ್ಕಕ್ಕೆ ಕರೆದರು. "ಒಂದು ವಾರ ನೋಡುವ. ಕೀವು ಮೇಲೆ ಹತ್ತಿದ್ರೆ ಮೊಣಗಂಟು ತೆಗೀಬೇಕಾಗ್ತದೆ. ಮೊಣಗಂಟು ಹೋದ್ರೆ ಮತ್ತೆ ಆ ಗುಡ್ಡ ಹತ್ತುದುಂಟಾ?"

ಆ ವಾರ ನಾನು ಊಟ ಮಾಡಿದ ನೆನಪಿಲ್ಲ. ಊರಿಗೆ ಹೋಗಿಬಿಡೋಣ ಎಂದು ಶಾಂತವ್ವನಿಗೆ ಹೇಳಿದೆ. ಅಪ್ಪನ ಬಡಿಗತನ ಇದ್ದೇ ಇತ್ತು. ಬಂಡಿಯ ಗಾಲಿ ಮುರಿದರೆ ಯಾರ ಮೊಣಗಂಟೂ ಹೋಗುವುದಿಲ್ಲ. ಬಂದ ದಿನದಿಂದ ಊರು, ಊರು ಎಂದು ಅಳುತ್ತಿದ್ದವಳು ಅವಳು. ಹೂಂ ಎನ್ನುತ್ತಾಳೆ ಎಂದೇ ತಿಳಿದಿದ್ದೆ.

"ಮಂದಿ ಕಾಲು ಕೆಡಿಸಿ ಓಡಿ ಹೋಗೂದೇನ್ರಿ?" ಎಂದಳು. "ಅಂವಗ ನೆಟ್ಟಗ ಒಂದು ಕಾಲು ಮಾಡಿ ಕೊಡ್ರಿ. ಆಮ್ಯಾಲ ಊರು."

ಹೇಳಿದವಳು ಒಳಗೆ ಹೋಗಿ, ಎರಡನೆಯದನ್ನು ಕೊಟ್ಟಾಗ ನಾನು ವಾಪಸು ತಂದು ಮೂಲೆಯಲ್ಲಿ ಇಟ್ಟಿದ್ದ ಮುರಿದ ಮೊದಲ ಕಾಲನ್ನು ಹಿತ್ತಲಿಗೆ ತಂದು, ಸೀಗೆಪುಡಿ ಹಾಕಿ ತಿಕ್ಕಿ ತೊಳೆದು, ನನ್ನ ಮುಂದೆ ಇಟ್ಟಳು. "ಎಲ್ಲಿ ಒಡದೈತಿ, ಯಾಕ ಒಡದೈತಿ, ಮೊದಲು ಅದನ್ನ ನೋಡ್ರಿ."

ತೊಳೆದ ಮೇಲೆಯೇ ನನಗೆ ಅದು ಕಂಡದ್ದು. ತೇಪೆ ಹಾಕಿದ ಸೀಳಿನ ಸುತ್ತ, ಇನ್ನೂ ಮುರಿಯದ ಜಾಗದಲ್ಲೂ, ಕನ್ನಡಿಯ ಮೇಲೆ ಉಸಿರು ಬಿಟ್ಟಂಥ ಬಿಳಿ ಮಬ್ಬು. ಭೂತಗನ್ನಡಿ ಹಿಡಿದು ನೋಡಿದರೆ ಆ ಮಬ್ಬು ಮಬ್ಬಲ್ಲ, ಲೆಕ್ಕವಿಲ್ಲದಷ್ಟು ಸಣ್ಣ ಬಿರುಕುಗಳು. ಅಲ್ಲಿ ನೂಲು ತುಂಡಾಗಿರಲಿಲ್ಲ. ನೂಲಿನ ನಡುವಿನ ರಾಳ ಬಿರಿದಿತ್ತು. ಒಂದು ನೂಲಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ, ಯಾರಿಗೂ ಕಾಣದೆ ಬಿರುಕು ನಡೆಯುತ್ತ ಹೋಗಿತ್ತು. ಸೀಳಿದಲ್ಲಿ, ಹಿಡಿದಿಡುವ ಕೈ ತಪ್ಪಿದ ಮೇಲಷ್ಟೇ ನೂಲು ಕಡಿದದ್ದು.

ಕೀವು ಮೇಲೆ ಹತ್ತಲಿಲ್ಲ. ಎಂಟನೆಯ ದಿನ ಡಾಕ್ಟರಮ್ಮ "ಉಳಿಯಿತು" ಎಂದರು. ಇದಿನಬ್ಬನ ಗಾಯ ಮಾಯಲು ಎರಡು ತಿಂಗಳಾದರೂ ಬೇಕಿತ್ತು. ಆ ಎರಡು ತಿಂಗಳು ನನಗೆ ಸಿಕ್ಕಿದವು. ಇನ್ನು ಮನುಷ್ಯನ ಮೇಲೆ ಪರೀಕ್ಷೆ ಮಾಡುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಮಾಡಿಕೊಂಡೆ.

ದರ್ಬೆಯಲ್ಲಿ ಒಂದು ಅಕ್ಕಿ ಮಿಲ್ಲು ಇತ್ತು. ನಾವು ಗಿರಣಿ ಎನ್ನುತ್ತೇವಲ್ಲ, ಅದೇ. ಬೆಳಿಗ್ಗೆಯಿಂದ ಸಂಜೆಯವರೆಗೆ ಅದರ ಬೆಲ್ಟಿನ ಚಕ್ರ ತಿರುಗುತ್ತಲೇ ಇರುತ್ತದೆ. ಮಿಲ್ಲಿನ ಯಜಮಾನರ ಬಳಿ ಹೋಗಿ, ಚಕ್ರದ ಅಂಚಿಗೆ ಒಂದು ಗೂಟ ಹಾಕಿಕೊಳ್ಳಲೇ ಎಂದು ಕೇಳಿದೆ.

"ಎಂತಕ್ಕೆ?"

"ಈ ರಾಳದ ಒಂದು ಪಟ್ಟಿಯನ್ನು ಬಗ್ಗಿಸಬೇಕು. ಅದು ಮುರಿಯುವವರೆಗೆ."

"ಮುರಿಲಿಕ್ಕೆ ಮಿಲ್ಲು ಬೇಕಾ? ಸುತ್ತಿಗೆ ಉಂಟಲ್ಲ" ಎಂದು ನಕ್ಕರು. ಇದಿನಬ್ಬನ ಕಥೆ ಹೇಳಿದ ಮೇಲೆ ನಗು ನಿಂತಿತು. ಬೆಳಿಗ್ಗೆ ಬಸ್ಸು ಹತ್ತುವ ಮೊದಲು ಅವರ ಮನೆಗೂ ಮೀನು ಕೊಟ್ಟವನು ಅವನು. ಕೂಡಲೇ ತಮ್ಮ ಬಡಗಿಯನ್ನು ಕರೆಸಿದರು.

ಗೂಟಕ್ಕೆ ಒಂದು ಸಲಾಕೆ, ಸಲಾಕೆಯ ತುದಿಗೆ ಪಟ್ಟಿ. ಪಟ್ಟಿಯ ಇನ್ನೊಂದು ತುದಿ ಕಂಬಕ್ಕೆ ಬಿಗಿ. ಚಕ್ರ ಒಂದು ಸುತ್ತು ತಿರುಗಿದರೆ ಪಟ್ಟಿ ಒಂದು ಸಲ ಬಾಗಿ ನೆಟ್ಟಗಾಗಬೇಕು, ಇದಿನಬ್ಬನ ಒಂದು ಹೆಜ್ಜೆಯ ಹಾಗೆ. ಒಂದೇ ಬಟ್ಟೆ, ಒಂದೇ ದಪ್ಪ, ಒಂದೇ ಅಳತೆಯ ಪಟ್ಟಿಗಳನ್ನು ಮಾಡಿದೆ. ಬೇರೆಯಾದದ್ದು ರಾಳ ಮಾತ್ರ. ಬಟ್ಟೆಯ ಹಸಿ ಹೋಗಲೆಂದು ದೇವಕಿಯಮ್ಮ ತಮ್ಮ ಬಚ್ಚಲೊಲೆಯ ಮೇಲಿನ ಅಟ್ಟವನ್ನೇ ಬಿಟ್ಟುಕೊಟ್ಟರು. ಮೊದಲು ಪಟ್ಟಿಗಳಿಗೆ ತೂಕದ ಕಲ್ಲು ಕಟ್ಟಿ ನೋಡಿದೆ. ಒಂದೇ ಸಲ ಹೊರುವ ಭಾರದಲ್ಲಿ ಗಡಸು ರಾಳದ್ದೇ ಮುಂದು. ಇಷ್ಟನ್ನು ನೋಡಿಯೇ ನಾನು ಮೊದಲ ಸಲ ಮೋಸ ಹೋದದ್ದು.

ಆಮೇಲೆ ಚಕ್ರಕ್ಕೆ ಕಟ್ಟಿದೆವು. ಗಡಸು ಪಟ್ಟಿ ಬೆಳಿಗ್ಗೆ ಹೊಳೆಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಕಂಬದ ಬುಡದಲ್ಲಿ ಬಿಳಿ ಮಬ್ಬು. ಸಂಜೆ ಮಿಲ್ಲು ನಿಲ್ಲುವ ಮೊದಲು ಅದರ ಸದ್ದು ಬದಲಾಯಿತು. ಪದರ ಬಿಟ್ಟುಕೊಂಡು, ಟಪ್ ಎಂದು ಹೋಯಿತು. ಇದಿನಬ್ಬ ಹೇಳಿದ ಅದೇ ಸದ್ದು. ಬೀಳಲಿಲ್ಲ, ಬಡಿಯಲಿಲ್ಲ, ನಡೆದದ್ದು ಅಷ್ಟೇ. ನಾನು ಅವನನ್ನು ಸಂಶಯದಿಂದ ನೋಡಿದ್ದು ನೆನಪಾಗಿ ತಲೆ ತಗ್ಗಿತು.

ಮೆದು ಪಟ್ಟಿ ಮುರಿಯಲಿಲ್ಲ, ಆದರೆ ಮುಟ್ಟಿದರೆ ಬಿಸಿ. ಬಾಗುವ ಒಳಬದಿಯಲ್ಲಿ, ಒತ್ತಿಡುವ ಬಲವಿಲ್ಲದೆ, ನೂಲುಗಳು ಮುದುಡಿಕೊಂಡಿದ್ದವು. ಎರಡನೆಯ ದಿನಕ್ಕೆ ಅದು ಸೋತ ಸೊಪ್ಪಿನಂತೆ ಜೋತುಬಿತ್ತು.

ಬೆರಕೆಯ ಪಟ್ಟಿಗಳು ಉಳಿದಿದ್ದವು. ಅರ್ಧಕ್ಕರ್ಧ ಬೆರೆಸಿದ್ದು ಅಷ್ಟೇನೂ ಬಾಳಲಿಲ್ಲ. ಮೂರು ಪಾಲು ಗಡಸು, ಒಂದು ಪಾಲು ಮೆದು ಬೆರೆಸಿದ್ದನ್ನು ಒಂದು ಸೋಮವಾರ ಕಟ್ಟಿದೆ. ಮಂಗಳವಾರ ಭೂತಗನ್ನಡಿಯಲ್ಲಿ ಒಂದು ಬಿರುಕು ಕಂಡಿತು. ಮುಗಿಯಿತು ಎಂದುಕೊಂಡೆ. ಬಿರುಕಿನ ತುದಿಗೆ ಶಾಯಿಯಿಂದ ಗೆರೆ ಎಳೆದಿಟ್ಟೆ. ಬುಧವಾರ ನೋಡಿದೆ, ಗೆರೆಯಲ್ಲೇ ಇತ್ತು. ಗುರುವಾರವೂ ಗೆರೆಯಲ್ಲೇ. ಚಕ್ರ ತಿರುಗುತ್ತಿತ್ತು, ಪಟ್ಟಿ ಬಾಗುತ್ತಿತ್ತು, ಬಿರುಕು ಮಾತ್ರ ನೂಲಿನ ಅಂಚಿಗೆ ಬಂದು ನಿಂತುಬಿಟ್ಟಿತ್ತು. ರಾಳ ಅಲ್ಲಿ ಒಂದಿಷ್ಟು ಹಿಗ್ಗಿ, ಬಿರುಕಿನ ಮೊನೆಯನ್ನು ಮೊಂಡು ಮಾಡಿ, ಮುಂದೆ ಬಿಡದೆ ಹಿಡಿದಿತ್ತು.

ಮಿಲ್ಲಿಗೆ ಭತ್ತ ತಂದವರೆಲ್ಲ ಬಂದು ನೋಡುವವರು. ಜಾಲ್ಸೂರಿನಿಂದ ಬಂದವರೊಬ್ಬರು ಮಲಯಾಳದಲ್ಲಿ ಕೇಳಿದ್ದಕ್ಕೆ ಯಜಮಾನರು ತುಳುವಿನಲ್ಲಿ ವಿವರಿಸಿದರು, ನಾನು ಕನ್ನಡದಲ್ಲಿ ಸೇರಿಸಿದೆ, ಎಲ್ಲರಿಗೂ ತಿಳಿಯಿತು. ಹನ್ನೆರಡನೆಯ ದಿನವೂ ಪಟ್ಟಿ ಬಾಗುತ್ತಲೇ ಇತ್ತು. ಹಂಚಿನ ಸಂದಿಯಿಂದ ಬಿಸಿಲಿನ ಒಂದು ಕೋಲು ಅದರ ಮೇಲೆ ಬಿದ್ದಿತ್ತು. ಕೂದಲಿಗಿಂತ ಸಣ್ಣ ನೂಲುಗಳು, ಅವುಗಳ ನಡುವೆ ಒಂದು ಅಂಟು. ಅವೆರಡೂ ಸೇರಿ ಒಂದು ಬಿರುಕಿಗೆ 'ಇಲ್ಲಿಗೆ ಸಾಕು' ಎಂದು ಹೇಳುತ್ತಿದ್ದವು. ನಾನು ಕೈ ಮುಗಿದೆ. ಯಾರಾದರೂ ನಕ್ಕರೋ ಇಲ್ಲವೋ ತಿರುಗಿ ನೋಡಲಿಲ್ಲ.

ಆ ಬೆರಕೆಯಲ್ಲೇ ಮಾಡಿದ ಮೂರನೆಯ ಕಾಲನ್ನು ಇದಿನಬ್ಬ ತೊಟ್ಟ ದಿನ ಬೀಫಾತಿಮಳೂ ಬಂದಿದ್ದಳು. ಅವನಿಗೆ ಕೊಡುವ ಮೊದಲು ಅದನ್ನು ತಾನು ಈಸಿಕೊಂಡು, ಒಳಗೆ ಕೈ ಹಾಕಿ, ಬಟ್ಟಲಿನ ಅಂಚನ್ನೆಲ್ಲ ಬೆರಳಿನಿಂದ ತಡವಿ ನೋಡಿದಳು. ಆಮೇಲೆ ಮೊದಲ ಸಲ ನನ್ನ ಮುಖ ನೋಡಿದಳು.

"ಇದು ಎಷ್ಟು ಕಾಲ ಬರ್ತದೆ?" ಎಂದ ಇದಿನಬ್ಬ.

ಈ ಸಲ ನಾನು ಹೆಮ್ಮೆಯ ಮಾತಾಡಲಿಲ್ಲ. "ಇದಕ್ಕೂ ಬಚ್ಚೆಲ್ ಬರುತ್ತದೆ. ಆದರೆ ನಿಧಾನ. ತಿಂಗಳಿಗೊಮ್ಮೆ ತಂದು ತೋರಿಸಿ. ಬಿಳಿ ಮಬ್ಬು ಕಂಡರೆ ಬೇರೆ ಮಾಡೋಣ. ಗಾಯ ಆದರೆ ಆ ದಿನವೇ ಬರಬೇಕು, ಮುಚ್ಚಿಡಬಾರದು."

"ಸರಿ. ನೀವೂ ಮುಚ್ಚಿಡಬಾರದು" ಎಂದು ನಕ್ಕ.

ಮಳೆಗಾಲದಲ್ಲಿ ಕಡಲಿಗೆ ದೋಣಿ ಇಳಿಯುವುದಿಲ್ಲ. ಅವನು ಒಣಮೀನು ಹೊತ್ತ. ಮಳೆ ಹೋಯಿತು, ಹಸಿ ಮೀನು ಬಂತು, ಮತ್ತೊಂದು ಮಳೆಯೂ ಬಂದು ಹೋಯಿತು. ತಿಂಗಳಿಗೊಮ್ಮೆ ಬಂದು ಜಗಲಿಯಲ್ಲಿ ಕೂತು ಕಾಲು ಕಳಚಿ ಕೊಡುವನು. ನಾನು ಭೂತಗನ್ನಡಿ ಹಿಡಿಯುವೆ. ಶಾಂತವ್ವ ಅವನಿಗೆ ಬೆಲ್ಲ, ನೀರು ತಂದಿಡುವಳು. ಆ ಕಾಲು ಎರಡು ವರ್ಷ ದಾಟಿತು. ಸುಳ್ಯದಿಂದ, ಕಡಬದಿಂದ ಬೇರೆಯವರೂ ಬರತೊಡಗಿದರು. ನಾನು ಮೊದಲು ಕೇಳುವುದನ್ನು ಕಲಿತೆ: ನಿಮ್ಮ ಮನೆಗೆ ಎಷ್ಟು ಮೆಟ್ಟಿಲು, ದಾರಿಯಲ್ಲಿ ತೋಡು ಉಂಟಾ, ಹೊರುವುದೇನು.

ಮುಂದೆ ನಮಗೆ ಮಗಳು ಹುಟ್ಟಿದಳು, ನಾಲ್ಕು ವರ್ಷದವಳೂ ಆದಳು. ಕಳೆದ ಬೇಸಗೆಯಲ್ಲಿ ಹುಬ್ಬಳ್ಳಿಯ ಕಡೆಯಿಂದ ಕರೆ ಬಂದಿತ್ತು, ಅಲ್ಲಿ ಇಂಥದೇ ಕೆಲಸ ಶುರುಮಾಡಲು ಬರುತ್ತೀರಾ ಎಂದು. ನೋಡಿ ಬರೋಣವೆಂದು ಮೂವರೂ ಹೋಗಿ, ರೋಣದಲ್ಲಿ ಒಂದು ತಿಂಗಳು ಇದ್ದೆವು. ಎಷ್ಟು ಆಕಾಶ! ಎಷ್ಟು ದೂರದವರೆಗೆ ಕಣ್ಣು ಹೋಗುತ್ತದೆ! ಮಾಳಿಗೆಯ ಮೇಲೆ ಮಲಗಿ ಎದೆ ತುಂಬಿ ಬಂತು. ಆದರೆ ಮೂರನೆಯ ದಿನದಿಂದ ಬಾಯಿ ಒಣಗಿತು, ಚರ್ಮ ಬಿರಿಯಿತು. ಎರೆಮಣ್ಣಿನಲ್ಲಿ ದುಡಿಯುವ ಒಬ್ಬ ರೈತನ ಮುರಿದ ಮರದ ಕಾಲನ್ನು ನೋಡುತ್ತ, "ಎಂತ ಆಯ್ತು?" ಎಂದು ಕೇಳಿಬಿಟ್ಟೆ. ಅವನು ನನ್ನನ್ನು ಮೇಲೆಕೆಳಗೆ ನೋಡಿ, "ಯಾವೂರ್ರೀ ನಿಮ್ದು?" ಎಂದ. ಇದೇ ಊರು ಎಂದೆ. "ಮಾತು ಕೇಳಿದ್ರ ಹಂಗ ಅನಸವಲ್ದ್ರೀ" ಎಂದ. ಅವನ ತಪ್ಪೇನೂ ಇಲ್ಲ. ಅವನ ಕಾಲಿಗೆ ಅಂಟುವ ಮಣ್ಣಿನ ಭಾರ ಎಷ್ಟು, ಹೆಜ್ಜೆ ಕೀಳುವಾಗ ಯಾವ ಕಡೆ ಎಳೆಯುತ್ತದೆ ಎಂದು ನನಗೆ ಹೊಳೆಯಲಿಲ್ಲ. ಗುಡ್ಡದ ಹೆಜ್ಜೆ ಮಾತ್ರ ಗೊತ್ತಿತ್ತು. ಹುಟ್ಟಿದ ಮಣ್ಣಿನ ನಡಿಗೆಯನ್ನೇ ನಾನು ಹೊಸದಾಗಿ ಕಲಿಯಬೇಕಿತ್ತು. ಹುಬ್ಬಳ್ಳಿಯವರಿಗೆ ಇನ್ನೂ ಉತ್ತರ ಬರೆದಿಲ್ಲ.

ಹಿಂದೆ ಬರುವಾಗ ಮಂಗಳೂರಿನಲ್ಲಿ ಬಸ್ಸು ಹತ್ತಿದಾಗ ಮೂವರಿಗೂ ನಿದ್ದೆಗಣ್ಣು. ಮಗಳು ನನ್ನ ತೊಡೆಯ ಮೇಲಿದ್ದಳು. ಕಂಡಕ್ಟರ್ ಬಂದು ಎಲ್ಲಿಗೆ ಎಂದು ಕೇಳಿದ.

"ಮನೆಗೆ" ಎಂದೆ, ಯೋಚಿಸದೆ.

"ಅದು ಎಲ್ಲಿ ಉಂಟು ಮಾರಾಯ್ರೆ? ಊರಿನ ಹೆಸರು ಹೇಳಿ" ಎಂದ.

ಹೇಳಬೇಕೆಂದು ಬಾಯಿ ತೆರೆದೆ. ಎರಡು ಹೆಸರು ಒಟ್ಟಿಗೆ ನಾಲಗೆಗೆ ಬಂದು, ಯಾವುದೂ ಹೊರಡಲಿಲ್ಲ. ಶಾಂತವ್ವನ ಕಡೆ ನೋಡಿದೆ. ಅವಳೂ ನನ್ನನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಮಗಳು ತಲೆ ಎತ್ತಿ, ಅಚ್ಚ ತುಳುವಿನಲ್ಲಿ, "ಪುತ್ತೂರುಗು" ಎಂದಳು.

ಕಂಡಕ್ಟರ್ ಅವಳ ಮಾತನ್ನೇ ನಂಬಿ ಎರಡು ಟಿಕೇಟು ಹರಿದ.